ಹುರಿದವಳ ಹೆಸರು

ನಮ್ಮ ದೊಡ್ಡವ್ವ ಲಿಂಗಮ್ಮ ಸತ್ತಾಗ ಬಂದವರೆಲ್ಲ ಅವಳನ್ನು ಭೂಮಿತಾಯಿಯಂಥ ತಾಳ್ಮೆಯವಳು ಎಂದು ಹೊಗಳಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದೆ. ಅವಳ ಮನೆಯ ಡಬ್ಬಿಗಳಲ್ಲಿ ಕೊತ್ತಂಬರಿ ಬೀಜ ಇತ್ತು, ಜೀರಿಗೆ ಇತ್ತು, ಮೆಂತ್ಯ ಇತ್ತು. ಆರು ವರ್ಷ ಇಟ್ಟರೂ ಹುಳ ಹಿಡಿಯದ ಸಿಟ್ಟೂ ಇತ್ತು. ತಾಳ್ಮೆ ಇದ್ದದ್ದು ನಿಜ, ಆದರೆ ಅದು ಬೆಕ್ಕು ಇಲಿಯ ಬಿಲದ ಮುಂದೆ ಕೂತಾಗ ಇರುವಂಥ ತಾಳ್ಮೆ.

ದೊಡ್ಡವ್ವ ಎಂದರೆ ನಮ್ಮಪ್ಪ ಮರಿಯಪ್ಪನ ಅಣ್ಣನ ಹೆಂಡತಿ. ಮಾಗಡಿ ರಸ್ತೆಯ ಬ್ಯಾಡರಹಳ್ಳಿ ನಮ್ಮದು. ದೊಡ್ಡಪ್ಪ ಚಳಿಜ್ವರದಲ್ಲಿ ಹೋದಾಗ ಅವಳಿಗೆ ಇಪ್ಪತ್ತಾರು ವರ್ಷ, ಮಕ್ಕಳಿಲ್ಲ. ನಮ್ಮ ಮನೆಯಲ್ಲೇ ಉಳಿದಳು. ನನ್ನನ್ನು ಎತ್ತಿ ಆಡಿಸಿದವಳು, ತಲೆ ಬಾಚಿದವಳು ಅವಳೇ. ಹೆತ್ತ ಅವ್ವ ಅಂಜಮ್ಮನಿಗೆ ಹೊಲ, ಹಸು, ಬೀದಿಯ ಮಾತು, ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು.

ಮನೆಯ ಪುಡಿಗಳೆಲ್ಲ ದೊಡ್ಡವ್ವನ ಕೈಯಲ್ಲೇ ಆಗಬೇಕು. ಸಾರಿನ ಪುಡಿ, ಬಾಡಿನ ಖಾರ, ಬಾಣಂತಿಯರಿಗೆ ಮೆಣಸಿನ ಪುಡಿ. ಒಂದರ ಜೊತೆ ಒಂದನ್ನು ಸೇರಿಸಿ ಹುರಿಯುತ್ತಿರಲಿಲ್ಲ. ಕೊತ್ತಂಬರಿ ಬೀಜ ಬೇರೆ, ಮೆಣಸು ಬೇರೆ, ಬ್ಯಾಡಗಿ ಮೆಣಸಿನಕಾಯಿಗೆ ಎರಡು ತೊಟ್ಟು ಹರಳೆಣ್ಣೆ ಹಾಕಿ ಅದೂ ಬೇರೆ. ಮೆಂತ್ಯ ಹುರಿಯುವಾಗ ಮಾತ್ರ ಯಾರೂ ಮಾತಾಡುವಂತಿಲ್ಲ. ಬಣ್ಣ ತಿರುಗುವುದಕ್ಕೆ ಮೊದಲೇ ಬಾಣಲೆ ಇಳಿಸಬೇಕು, ಉಳಿದದ್ದು ಬಾಣಲೆಯ ಬಿಸಿಯಲ್ಲೇ ಆಗಬೇಕು. ಬಣ್ಣ ನೋಡಿ ಇಳಿಸಿದೆಯೋ, ಕಹಿ. ಅವಳು ಕಣ್ಣು ಮುಚ್ಚಿಕೊಂಡು ಮೂಗಿನಿಂದ ಹುರಿಯುತ್ತಿದ್ದಳು.

ಅವ್ವನಿಗೆ ಈ ವಿದ್ಯೆ ಕೊನೆಗೂ ಹತ್ತಲಿಲ್ಲ. ಅವಳು ಹುರಿದ ಮೆಣಸಿನಕಾಯಿ ಒಂದು ಮಗ್ಗುಲು ಹಸಿ, ಇನ್ನೊಂದು ಮಗ್ಗುಲು ಇದ್ದಿಲು.

ಸಾವಿರದ ಒಂಬೈನೂರ ಐವತ್ತೊಂದರಲ್ಲಿ ನಮ್ಮಕ್ಕನ ಮದುವೆ ಕೆಂಗೇರಿಯ ಗಂಡಿನ ಜೊತೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಮೂರು ದಿನ ಇದೆ ಎನ್ನುವಾಗ ಒನಕೆ ಶಾಸ್ತ್ರ. ಒರಳಿಗೂ ಒನಕೆಗೂ ಪೂಜೆ ಮಾಡಿ ಐದು ಜನ ಮುತ್ತೈದೆಯರು ಮೊದಲು ಅರಿಶಿನದ ಕೊಂಬು ಕುಟ್ಟುತ್ತಾರೆ. ಆಮೇಲೆ ಮದುವೆಯ ಸಾರಿಗೆ ಬೇಕಾದ ಪುಡಿ. ಗಂಡಿನ ಕಡೆಯ ಹೆಂಗಸರು ಬಂದು ಮೊರದಲ್ಲಿರುವ ಹುರಿದ ಸಾಮಾನು ನೋಡಿ, ಮೂಸಿ, ಒಪ್ಪಿಗೆ ಹೇಳಬೇಕು. ಗಂಡ ಸತ್ತವಳು ಅದನ್ನು ಮುಟ್ಟಬಾರದು. ಇದು ಎಲ್ಲರಿಗೂ ಗೊತ್ತಿದ್ದ ಮಾತು, ಎಲ್ಲರಿಗಿಂತ ಹೆಚ್ಚಾಗಿ ದೊಡ್ಡವ್ವನಿಗೆ.

ಹಿಂದಿನ ದಿನ ಮಧ್ಯಾಹ್ನ ಅವ್ವ ಬಂದು ಅವಳ ಕೈ ಹಿಡಿದುಕೊಂಡಳು.

"ಅಕ್ಕಾ, ನೀನೇ ಹುರಿದ್ಕೊಡು. ನನ್ ಕೈಲಾದ್ರೆ ಬೀಗರ ಮುಂದೆ ಮರ್ವಾದೆ ಹೋಯ್ತದೆ."

"ಬ್ಯಾಡ ಅಂಜಿ. ನಾನು ಮುಟ್ಬಾರ್ದು."

"ಯಾರ್ಗೂ ಹೇಳಾಕಿಲ್ಲ. ನಿನ್ ಮಗಳ ಮದ್ವೆ ಅಂದ್ಕೊ. ನಿನ್ ಕಾಲಿಗ್ ಬೀಳ್ತೀನಿ."

ಎರಡು ಸಲ ಬೇಡ ಎಂದವಳು, ಅವ್ವ ಕಾಲು ಹಿಡಿದ ಮೇಲೆ ಒಲೆಯ ಮುಂದೆ ಕೂತಳು. ಎಂಟು ಸೇರು ಸಾಮಾನು. ಅಡಿಗೆಮನೆಯ ಬಾಗಿಲು ಹಾಕಿಕೊಂಡು, ಹೊಗೆಯಲ್ಲಿ ಕಣ್ಣು ಕೆಂಡದಂತಾಗುವ ತನಕ ಹುರಿದಳು. ಒಲೆಗೆ ಸೌದೆ ಒಡ್ಡುತ್ತ ಪಕ್ಕದಲ್ಲಿ ಕೂತಿದ್ದವಳು ನಾನು. ನನಗಾಗ ಹದಿಮೂರು. ಅವ್ವ ಕಾಲು ಹಿಡಿದದ್ದನ್ನು ಕಂಡವಳು ನಾನೊಬ್ಬಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಪ್ಪೂ ಇಲ್ಲೇ ಇದೆ.

ಮಾರನೆಯ ದಿನ ಅಂಗಳದಲ್ಲಿ ಹೆಂಗಸರು ತುಂಬಿದ್ದರು. ಕೆಂಗೇರಿಯ ಬೀಗಿತ್ತಿ ಮೊರಕ್ಕೆ ಕೈ ಹಾಕಿ ಮೂಗಿಗೆ ಹಿಡಿದರು. ಅವರ ಮುಖ ಅರಳಿತು.

"ಯಾರಮ್ಮ ಹುರಿದೋರು? ಈ ಹದ ನಮ್ ಕಡೆ ಯಾರ್ಗೂ ಬರಾಕಿಲ್ಲ!"

ಅವ್ವ ಬಾಯಿ ತೆರೆಯುವುದರಲ್ಲಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ, ಒಳ್ಳೆಯ ಮನಸ್ಸಿನಿಂದಲೇ, "ಇನ್ಯಾರು, ನಮ್ ಲಿಂಗಮ್ಮನ ಕೈಯೇ ಇರ್ಬೇಕು" ಎಂದಿತು. ಬೀಗಿತ್ತಿಯ ಕಣ್ಣು ಬಾಗಿಲ ಸಂದಿಯಲ್ಲಿ ನಿಂತಿದ್ದ ದೊಡ್ಡವ್ವನ ಬೋಳು ಹಣೆಯ ಮೇಲೆ ಬಿತ್ತು. ಹಿಡಿದಿದ್ದನ್ನು ಹಾವು ಮುಟ್ಟಿದವರಂತೆ ಕೊಡವಿದರು.

ಮದುವೆ ಅಲ್ಲೇ ಮುರಿಯುವಂತಿತ್ತು. ಅವ್ವನಿಗೆ ಆ ಗಳಿಗೆಯಲ್ಲಿ ಏನು ಹೊಳೆಯಿತೋ, ದೊಡ್ಡವ್ವನ ಕಡೆ ತಿರುಗಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಅಯ್ಯೋ ಪಾಪಿ! ನಾನು ಹುರಿದಿಟ್ಟಿದ್ದನ್ನ ಕದ್ದು ಮುಟ್ಟಿದ್ದೀಯೇನೇ? ನಿನ್ ಗಂಡ ಸತ್ತ ಅಂತ ನನ್ ಮಗಳ ತಾಳಿ ಮೇಲೂ ಕಣ್ಣಾ? ನಿನ್ ಹೊಟ್ಟೆಕಿಚ್ಚಿಗೆ ಬೆಂಕಿ ಬೀಳ!"

ಎಂಟು ಸೇರನ್ನೂ ಮೊರಗಟ್ಟಲೆ ಹೊತ್ತುಕೊಂಡು ಹೋಗಿ ತಿಪ್ಪೆಗೆ ಸುರಿದರು. ದೊಡ್ಡವ್ವ ಅವ್ವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ಹೇಳಬಹುದಿತ್ತು. ಅಕ್ಕನ ಮದುವೆ, ಅವ್ವನ ಕೆಂಪು ಕಣ್ಣು, ಅಷ್ಟೊಂದು ಜನ; ನಾನು ತಲೆ ತಗ್ಗಿಸಿದೆ. ಅವಳು ಎರಡು ಸೀರೆ ಗಂಟು ಕಟ್ಟಿಕೊಂಡು ಅದೇ ಮಧ್ಯಾಹ್ನ ಮನೆ ಬಿಟ್ಟಳು. ಹೊಸ್ತಿಲ ಮೇಲೆ ನಿಂತು ಒಂದೇ ಮಾತು ಹೇಳಿದಳು: "ಅಂಜೀ, ಹುರಿದೋರು ಯಾರು, ಹುರಿಸಿದೋರು ಯಾರು ಅಂತ ಇದೇ ಅಂಗ್ಳದಾಗೆ, ಇದೇ ಹೆಂಗಸ್ರ ಮುಂದೆ, ನಿನ್ ಬಾಯಿಂದ್ಲೇ ಹೇಳಿಸ್ತೀನಿ."

ಅವ್ವ ನೆಟಿಗೆ ಮುರಿದಳು. ಹೇಳುವವರು ಹೇಳುತ್ತಾರೆ, ಹೊಟ್ಟೆ ಹಸಿದರೆ ತಾನೇ ಬರುತ್ತಾಳೆ ಎಂದುಕೊಂಡಳು.

ಬರಲಿಲ್ಲ. ರಾಜಾಜಿನಗರದಲ್ಲಿ ಆಗ ಸೈಟುಗಳಿಗೆ ಕಲ್ಲು ನೆಟ್ಟು, ಸಾಲಾಗಿ ಮನೆ ಏಳುತ್ತಿದ್ದ ಕಾಲ. ಕಾರ್ಖಾನೆಯವರು, ಆಫೀಸಿನವರು, ಮೇಷ್ಟರು ಒಬ್ಬೊಬ್ಬರೇ ಬಂದು ಸೇರುತ್ತಿದ್ದರು. ಮನೆ ಹೊಸದು, ಗೋಡೆ ಹೊಸದು, ಒರಳು ಮಾತ್ರ ಯಾರ ಮನೆಯಲ್ಲೂ ಇಲ್ಲ. ದೊಡ್ಡವ್ವ ಒಂದು ಶೀಟಿನ ಶೆಡ್ಡು ಹಿಡಿದಳು, ಎಲ್ಲಿಂದಲೋ ಒಂದು ಒರಳು ಹೊರಳಿಸಿಕೊಂಡು ಬಂದಳು. ಮೊದಲು ಬೇರೆಯವರ ಸಾಮಾನು ಕುಟ್ಟಿಕೊಟ್ಟಳು, ಆಮೇಲೆ ತನ್ನದೇ ಪುಡಿ ಮಾರಿದಳು. ಕೂಗುತ್ತಿರಲಿಲ್ಲ. ಬೀದಿಯ ಮೂಲೆಯಲ್ಲಿ ಬುಟ್ಟಿ ಇಳಿಸಿ ಡಬ್ಬಿಯ ಮುಚ್ಚಳ ತೆಗೆದು ಸುಮ್ಮನೆ ಕೂತುಬಿಡುತ್ತಿದ್ದಳಂತೆ. ಗಾಳಿ ಯಾವ ಕಡೆ ಬೀಸುತ್ತದೋ ಆ ಕಡೆಯ ಬಾಗಿಲುಗಳು ತೆರೆಯುತ್ತಿದ್ದವು. ತೆಂಗಿನ ಚಿಪ್ಪೇ ಅಳತೆ. ಕೆಂಗೇರಿಯವರು ಎಂದು ಗೊತ್ತಾದರೆ ಮುಚ್ಚಳ ಹಾಕಿಬಿಡುತ್ತಿದ್ದಳು.

ಕುಟ್ಟುವಾಗ ಒಂದೊಂದು ಪೆಟ್ಟಿಗೂ "ಅಂಜೀ, ಅಂಜೀ" ಎನ್ನುತ್ತಿದ್ದಳು. ಅಕ್ಕಪಕ್ಕದವರು ಯಾವುದೋ ದೇವರ ಹೆಸರಿರಬೇಕು ಎಂದುಕೊಂಡಿದ್ದರು. ಹೀಗೆ ಆರು ವರ್ಷ ನಮ್ಮವ್ವ ರಾಜಾಜಿನಗರದಲ್ಲಿ ದಿನಕ್ಕೆರಡು ಹೊತ್ತು ಕುಟ್ಟಿಸಿಕೊಂಡಳು. ಪಾಪ, ಅವಳಿಗೆ ಗೊತ್ತೇ ಇರಲಿಲ್ಲ.

ಐವತ್ತೇಳರಲ್ಲಿ ನನಗೆ ಗಂಡು ಬಂತು. ರಾಜಾಜಿನಗರದ ಮನೆ, ಹುಡುಗ ಶ್ಯಾಮಸುಂದರ, ಕಾರ್ಖಾನೆಯಲ್ಲಿ ಕೆಲಸ. ಅವನ ತಾಯಿ ವಿಮಲಮ್ಮ ಬಾಯಿ ತುಂಬ ಮಾತಾಡುವವರು. ನಮ್ಮಂಥ ಹಳ್ಳಿಯವರ ಮನೆಗೆ ಅವರೇ ಹುಡುಕಿಕೊಂಡು ಬಂದದ್ದು ಅಪ್ಪನಿಗೆ ಆಶ್ಚರ್ಯ. ಎಲ್ಲ ಒಪ್ಪಿಗೆಯಾಗಿ ಎಲೆಯಡಿಕೆ ಬದಲಾಯಿಸಿದ ಮೇಲೆ ವಿಮಲಮ್ಮ ಹೇಳಿದರು:

"ನೋಡಿ ಬೀಗರೇ, ನೀವು ಏನು ಕೊಡ್ತೀರೋ ಬಿಡ್ತೀರೋ ನಾನು ಕೇಳಲ್ಲ. ಮದುವೆ ಊಟದ ಸಾರಿಗೆ ಮಾತ್ರ ಲಿಂಗಮ್ಮನ ಕೈಯಲ್ಲಿ ಪುಡಿ ಮಾಡಿಸ್ಬೇಕು. ನಮ್ಮ ಬೀದಿಯವರೆಲ್ಲ ಬರ್ತಾರೆ, ಬೇರೆ ಸಾರು ಅವರ ಗಂಟಲಲ್ಲಿ ಇಳಿಯಲ್ಲ. ನಿಮ್ಮ ಹುಡುಗಿ ವಿಷಯ ನನಗೆ ಹೇಳಿದ್ದೂ ಅವಳೇ."

ಅವ್ವ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಆಯಮ್ಮ... ಗಂಡ ಇಲ್ದೋಳಲ್ವಾ?" ಎಂದಳು, ಏನೂ ತಿಳಿಯದವಳಂತೆ.

"ಅರಿಶಿನ ಕುಟ್ಟೋಕೆ ಮುತ್ತೈದೇರು ಇದಾರಲ್ಲ. ಸಾರಿಗೆ ಯಾವ ಶಾಸ್ತ್ರ ರೀ?" ಎಂದು ವಿಮಲಮ್ಮ ನಕ್ಕುಬಿಟ್ಟರು.

ದೊಡ್ಡವ್ವ ನನಗೆ ಒಳ್ಳೆಯದಾಗಲಿ ಎಂದು ಆ ಗಂಡು ಕಳಿಸಿದಳೋ, ಅವ್ವನ ಕುತ್ತಿಗೆ ಹಿಡಿಯಲು ಕಳಿಸಿದಳೋ? ಎಷ್ಟೋ ವರ್ಷ ಯೋಚಿಸಿದ್ದೇನೆ. ಎಲ್ಲವನ್ನೂ ಬೇರೆ ಬೇರೆ ಹುರಿಯುವವಳು ಇವೆರಡನ್ನು ಮಾತ್ರ ಒಂದೇ ಬಾಣಲೆಗೆ ಹಾಕಿದ್ದಳು ಎಂದು ಕಾಣುತ್ತದೆ.

ಅಪ್ಪ ಗಾಡಿ ಕಟ್ಟಿಕೊಂಡು ಅವ್ವನನ್ನು ಕರೆದುಕೊಂಡು ಹೋದ. ಶೆಡ್ಡಿನ ಮುಂದೆ ಇಳಿದರೆ ದೊಡ್ಡವ್ವ ಮೈದುನನಿಗೆ ಕೈಕಾಲಿಗೆ ನೀರು ಕೊಟ್ಟಳು, ಕುಡಿಯಲು ಮಜ್ಜಿಗೆ ಕೊಟ್ಟಳು. ಅವ್ವನನ್ನು ಬಾ ಎನ್ನಲಿಲ್ಲ, ಕೂತ್ಕೊ ಎನ್ನಲಿಲ್ಲ, ನೀರು ಬೇಕಾ ಎಂದೂ ಕೇಳಲಿಲ್ಲ. ಅವ್ವ ಬಿಸಿಲಲ್ಲಿ ನಿಂತೇ ಹೇಳಬೇಕಾಯಿತು.

"ಆಗಿದ್ದಾಯ್ತು ಅಕ್ಕಾ, ಹೊಟ್ಟೆಗ್ ಹಾಕ್ಕೊ."

"ಹಾಕ್ಕೊಂಡೇ ಇದೀನಲ್ಲ, ಆರ್ ವರ್ಸದಿಂದ. ಅರಗ್ತಾ ಇಲ್ಲ," ಎಂದಳು ದೊಡ್ಡವ್ವ. "ಒನಕೆ ಶಾಸ್ತ್ರದ ದಿನ ಬತ್ತೀನಿ. ಕೆಂಗೇರಿ ಬೀಗಿತ್ತಿ ಇರ್ಬೇಕು. ಅವತ್ತು ಅಂಗ್ಳದಾಗಿದ್ದ ಹೆಂಗಸ್ರೆಲ್ಲ ಇರ್ಬೇಕು. ಹೇಳ್ಬೇಕಾದ್ದ ಹೇಳು. ಆಮ್ಯಾಕೆ ನೋಡಾಣ."

ದಾರಿಯುದ್ದಕ್ಕೂ ಅವ್ವ ಅತ್ತಳು ಎಂದು ಅಪ್ಪ ಹೇಳಿದ. ಹೇಳಿದರೆ ಅಕ್ಕನ ಅತ್ತೆಮನೆಯಲ್ಲಿ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ನನ್ನ ಮದುವೆಯಲ್ಲಿ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಅದರಲ್ಲೂ ಅಷ್ಟೊಂದು ಉಪ್ಪು ತಿಂದವರು.

ಶಾಸ್ತ್ರದ ದಿನ ಬೆಳಿಗ್ಗೆ ನನಗೆ ಅರಿಶಿನ ಹಚ್ಚಿ ಒಳಗೆ ಕೂರಿಸಿದ್ದರು. ಬಾಗಿಲಿನಿಂದ ಅಂಗಳ ಪೂರ್ತಿ ಕಾಣುತ್ತಿತ್ತು. ಗಂಡಿನ ಕಡೆಯವರು ಮಧ್ಯಾಹ್ನಕ್ಕೆ ಬರುವವರಿದ್ದರು, ಅಷ್ಟರಮಟ್ಟಿಗೆ ದೊಡ್ಡವ್ವ ಕರುಣೆ ತೋರಿಸಿದ್ದಳು. ಎಂಟು ಸೇರು ಹಸಿ ಸಾಮಾನು ಮೊರಗಳಲ್ಲಿ ಸಿದ್ಧವಾಗಿತ್ತು, ಒಲೆ ಹೊತ್ತಿಸಿಯಾಗಿತ್ತು. ದೊಡ್ಡವ್ವ ಬಂದು ಅಂಗಳದ ನಡುವೆ ಕೂತಳು. ಮುಖ ಬತ್ತಿತ್ತು, ತೋಳು ಮಾತ್ರ ಒನಕೆ ಹಿಡಿದೂ ಹಿಡಿದೂ ಗಂಡಸಿನ ತೋಳಿನಂತಾಗಿತ್ತು.

ಅವ್ವ ಸೆರಗು ಬಿಗಿಹಿಡಿದು ನಿಂತಳು. "ನಮ್ ದೊಡ್ಡ ಹುಡ್ಗಿ ಮದ್ವೇಲಿ ಹುರಿದೋಳು ನಮ್ಮಕ್ಕ ಲಿಂಗಮ್ಮ. ನಾನೇ ಕಾಲು ಹಿಡಿದು ಹುರಿಸಿದ್ದು. ಕದ್ದು ಮುಟ್ಟಿರ್ಲಿಲ್ಲ. ಹೊಟ್ಟೆಕಿಚ್ಚು ಅಂದಿದ್ದು ಸುಳ್ಳು."

ಕೆಂಗೇರಿಯ ಬೀಗಿತ್ತಿ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಇನ್ನೊಂದ್ ಕಿತ ಹೇಳು," ಎಂದಳು ದೊಡ್ಡವ್ವ. "ಹಿಂದ್ಗಡೆ ಕೂತೋರ್ಗೆ ಕೇಳಿಸ್ಲಿಲ್ಲ."

ಅವ್ವ ಇನ್ನೊಮ್ಮೆ ಹೇಳಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯಿತು. ನನಗೆ ಅಯ್ಯೋ ಎನಿಸಲಿಲ್ಲ. ಆರು ವರ್ಷ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಆಚೆ ಬಂದಂತಾಯಿತು.

ದೊಡ್ಡವ್ವ ಮಂಡಿಯ ಮೇಲೆ ಕೈಯೂರಿ ಎದ್ದಳು. ಎಲ್ಲರೂ ಅವಳು ಒಲೆಯ ಕಡೆ ಹೋಗುತ್ತಾಳೆ ಎಂದು ದಾರಿ ಬಿಟ್ಟರು. ಅವಳು ಹೋದದ್ದು ಬೀದಿಯ ಕಡೆ.

"ಅಕ್ಕಾ, ಹುರಿಯೋದು?" ಅವ್ವ ಕಿರುಚಿದಳು.

"ಮುಂಡೆ ಕೈ ಮದ್ವೆ ಸಾಮಾನಿಗ್ ಮುಟ್ಬಾರ್ದು ಅಂತ ಈ ಅಂಗ್ಳದಾಗೇ ಕಲ್ಸಿದ್ದಲ್ಲ ನೀನು. ಕಲ್ತಿದೀನಿ ಕಣಮ್ಮ."

ನಾನು ತಡೆಯಲಾರದೆ ಬಾಗಿಲ ತನಕ ಓಡಿದೆ. "ದೊಡ್ಡವ್ವಾ, ನನ್ ಮದ್ವೆ!" ಎಂದೆ. ಅವಳು ಒಂದು ಸಲ ತಿರುಗಿ ನೋಡಿದಳು. "ಒಳೀಕ್ ಹೋಗು ಮಗಾ. ಅರಿಶಿನ ಹಚ್ಕೊಂಡೋಳು ಹೊಸ್ಲು ದಾಟ್ಬಾರ್ದು," ಎಂದು ಹೇಳಿ ಮಾಗಡಿ ರಸ್ತೆ ಹಿಡಿದಳು. ನನ್ನನ್ನು ಹೊತ್ತು ತಿರುಗಿದವಳು ನನ್ನ ಮದುವೆಗೆ ನಿಲ್ಲಲಿಲ್ಲ.

ಅವ್ವ ಕುಸಿದು ಕೂತಳು. ಗಂಡಿನ ಕಡೆಯವರು ಬರಲು ಇನ್ನು ಎರಡು ಗಂಟೆ. ನಾನು ಅರಿಶಿನ ಮೆತ್ತಿದ ಕೈಯಲ್ಲೇ ಬಾಣಲೆ ಎತ್ತಿದೆ. ಮದುಮಗಳು ಒಲೆಯ ಮುಂದೆ ಕೂರಬಾರದು ಎಂದು ಯಾರೋ ಅಂದರು. "ಹಾಗಾದ್ರೆ ನೀವು ಹುರೀರಿ," ಎಂದೆ. ಯಾರೂ ಮುಂದೆ ಬರಲಿಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಮೆಂತ್ಯ, ಹರಳೆಣ್ಣೆ ತೊಟ್ಟಿಕ್ಕಿದ ಮೆಣಸಿನಕಾಯಿ, ಎಲ್ಲ ಅವಳು ಮಾಡುತ್ತಿದ್ದ ಹಾಗೇ. ಕಣ್ಣಿಂದ ನೀರು ಸುರಿಯುತ್ತಿತ್ತು. ಅದರಲ್ಲಿ ಖಾರದ್ದೆಷ್ಟು, ಸಿಟ್ಟಿನದೆಷ್ಟು ಎಂದು ಹೇಳಲಾರೆ.

ಮದುವೆಯ ದಿನ ವಿಮಲಮ್ಮ ಪಂಕ್ತಿಯಲ್ಲಿ ಕೂತು ಮೊದಲ ತುತ್ತು ಬಾಯಿಗಿಟ್ಟರು. ಎದುರು ಸಾಲಿನಲ್ಲಿ ನಾನು ಬಾಸಿಂಗ ಕಟ್ಟಿಕೊಂಡು ಗಂಡನ ಪಕ್ಕ ಕೂತಿದ್ದೆ. ವಿಮಲಮ್ಮ ಚಪ್ಪರಿಸಿದರು.

"ಆಹಾ! ಲಿಂಗಮ್ಮನೇ ಹುರಿದಿದ್ದು ತಾನೇ?"

ಅವ್ವ ನನ್ನ ಕಡೆ ಒಂದು ಸಲ ನೋಡಿದಳು. ನಗುತ್ತ, "ಹೂಂ ಕಣಮ್ಮ, ಲಿಂಗಮ್ಮನೇ. ಇನ್ಯಾರ್ ಕೈ ಆಯ್ತದೆ?" ಎಂದಳು. ನಿಜ ಗೊತ್ತಿದ್ದ ಕೆಂಗೇರಿಯ ಬೀಗಿತ್ತಿ ಎಲೆಯ ಮೇಲೆ ತಲೆ ಬಗ್ಗಿಸಿ ಊಟ ಮುಂದುವರಿಸಿದರು. ಮದುಮಗಳು ಪಂಕ್ತಿಯಲ್ಲಿ ಬಾಯಿ ಬಿಡುವಂತಿಲ್ಲ. ನನ್ನ ಕೈಯಲ್ಲಿ ಬೊಬ್ಬೆ ಎದ್ದಿತ್ತು, ಊರೆಲ್ಲ ಕೂತು ಉಣ್ಣುತ್ತಿತ್ತು, ಹೆಸರು ಬೇರೆಯವಳದು. ನನಗೆ ಮೈಯೆಲ್ಲ ಉರಿಯಿತು. ಆ ಉರಿ ಎಂಥದ್ದು ಎಂದು ಅಲ್ಲಿಯತನಕ ನನಗೆ ಗೊತ್ತಿರಲಿಲ್ಲ.

ಅತ್ತೆಮನೆಯಿಂದ ದೊಡ್ಡವ್ವನ ಶೆಡ್ಡು ಎರಡೇ ಬೀದಿ. ಒಂದು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಒಂದು ದಿನ ಮದುವೆಯಲ್ಲಿ ಮಿಕ್ಕಿದ್ದ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಹೋದೆ. ಅವಳು ಕೊತ್ತಂಬರಿ ಬೀಜ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ನಿಲ್ಲಿಸಲಿಲ್ಲ.

"ನನ್ ಮದ್ವೆ ಯಾಕ್ ಬಿಟ್ಟೋದೆ? ನಾನೇನ್ ಮಾಡಿದ್ದೆ ನಿಂಗೆ?" ಎಂದೆ.

"ಅವತ್ತು ಒಲೆಗೆ ಸೌದೆ ಒಡ್ತಿದ್ದೋಳು ನೀನು," ಎಂದಳು. "ಏನೂ ಮಾಡ್ಲಿಲ್ಲ. ಅದುಕ್ಕೇ."

ಪೊಟ್ಟಣ ಬಿಚ್ಚಿ ಮುಂದೆ ಇಟ್ಟೆ. ನಾನೇ ಹುರಿದದ್ದು ಎಂದೆ. ಅವಳು ಚಿಟಿಕೆ ತೆಗೆದು ನಾಲಿಗೆಗೆ ಹಾಕಿಕೊಂಡಳು, ಕಣ್ಣು ಮುಚ್ಚಿದಳು.

"ಮೆಂತ್ಯ ಬಣ್ಣ ನೋಡಿ ಇಳಿಸಿದೀಯ. ಕಹಿ ಐತೆ. ಮಿಕ್ಕಿದ್ದು ಆಗ್ಬೋದು." ಅವಳ ಬಾಯಲ್ಲಿ 'ಆಗ್ಬೋದು' ಎಂಬ ಮಾತು ಬರುವುದೇ ಅಪರೂಪ. "ಯಾರ್ದು ಅಂತ ಹೇಳಿದ್ಲು ನಿಮ್ಮವ್ವ?"

"ನಿಂದು ಅಂತ."

ಮೊರ ನಿಂತಿತು. ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪೇರಿತು. "ಏನಂದೆ? ಈ ಕಹಿಗೆ ನನ್ ಹೆಸ್ರಾ? ಆರ್‌ನೂರ್ ಜನ ಉಂಡೋರು ಇದು ಲಿಂಗಮ್ಮನ ಕೈ ಅಂದ್ಕೊಂಡು ಹೋದ್ರಾ?" ಎದ್ದು ನಿಂತಳು. "ಎಲ್ಲ ಆಯ್ತು, ಗೆದ್ದೆ ಅಂದ್ಕೊಂಡಿದ್ನಲ್ಲೇ. ಅಂಜಿ ನನ್ ತಲೆ ಮೇಲೇ ಕೈಯಿಟ್ಲು!"

"ನನ್ ಕೈ ಸುಟ್ಟಿತ್ತು ದೊಡ್ಡವ್ವ. ನನ್ ಹೆಸ್ರು ಯಾರೂ ಹೇಳ್ಲಿಲ್ಲ," ಎಂದೆ. ಹೇಳುತ್ತ ಹೇಳುತ್ತ ಅಳು ಬಂತು.

ಅವಳು ನನ್ನನ್ನು ಅಪ್ಪಿಕೊಳ್ಳಲಿಲ್ಲ, ಸಮಾಧಾನ ಮಾಡಲಿಲ್ಲ. ನನ್ನ ಅಂಗೈ ಹಿಡಿದು ಬೊಬ್ಬೆಯ ಕಲೆ ನೋಡಿದಳು. ಆಮೇಲೆ ಶೆಡ್ಡಿನ ಬಾಗಿಲಿಗೆ ಚಿಲಕ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬತ್ತೀಯಾ?" ಎಂದಳು. ನಾನು ಅವಳ ಹಿಂದೆಯೇ ಹೊರಟೆ.

ಆವತ್ತು ನಾವು ಬ್ಯಾಡರಹಳ್ಳಿಯ ತನಕ ನಡೆದೆವು. ಬಸ್ಸೊಂದು ಹಾದುಹೋಯಿತು, ಕೈ ತೋರಿಸಲಿಲ್ಲ. ಲಿಂಗಮ್ಮ ಹುರಿಯಲಿಲ್ಲ ಎಂದು ಹೇಳಿಸುವುದು ಅವಳ ಕೆಲಸ, ಮಗಳು ಹುರಿದಳು ಎಂದು ಹೇಳಿಸುವುದು ನನ್ನದು.

ಅವ್ವ ಜಗಲಿಯ ಮೇಲೆ ನಾಲ್ಕಾರು ಹೆಂಗಸರ ಜೊತೆ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮೊದಲು ದೊಡ್ಡವ್ವನನ್ನು ಕಂಡಳು. ಹೆದರಲಿಲ್ಲ, ಅದು ಅವಳಿಗೆ ಅಭ್ಯಾಸವಾಗಿತ್ತು. ಆಮೇಲೆ ಹಿಂದೆ ನಿಂತಿದ್ದ ನನ್ನನ್ನು ಕಂಡಳು. ನಾನು ತವರಿಗೆ ಬಂದ ಮಗಳಂತೆ ನಗಲಿಲ್ಲ, ಚಪ್ಪಲಿ ಬಿಡಲಿಲ್ಲ, ಒಳಗೂ ಹೋಗಲಿಲ್ಲ.

"ನೀನೂನಾ?" ಎಂದಳು ಅವ್ವ.

"ಹೂಂ ಕಣವ್ವ," ಎಂದೆ. "ನಾನೂನೆ."